ಮೂತ್ರಕೋಶದ ಎಂಡೊಮೆಟ್ರಿಯೋಸಿಸ್‌ಗೆ ಡೈನೊಜೆಸ್ಟ್: ಗಮನಿಸಬೇಕಾದ್ದು

ಮುಟ್ಟಿನ ಹೊತ್ತಿಗೇ ಉರಿಮೂತ್ರ, ಕೆಲವೊಮ್ಮೆ ಮೂತ್ರದಲ್ಲಿ ರಕ್ತ. ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದರೆ ಸೋಂಕಿಲ್ಲ. ತಿಂಗಳು ತಿಂಗಳೂ ಹೀಗಾದರೆ ಆಂಟಿಬಯಾಟಿಕ್ ನುಂಗುತ್ತಾ ಕೂರಬೇಡಿ. ಗರ್ಭಕೋಶದ ಒಳಪದರದಂಥ ಅಂಗಾಂಶ ಮೂತ್ರಕೋಶದ ಗೋಡೆಯಲ್ಲಿ ಬೆಳೆದಿರಬಹುದು. ಇದೇ ಮೂತ್ರಕೋಶದ ಎಂಡೊಮೆಟ್ರಿಯೋಸಿಸ್. ಅಪರೂಪ, ಆದರೆ ಇದೆ.

ಸಿಸ್ಟೋಸ್ಕೋಪಿಯನ್ನು (ಕ್ಯಾಮೆರಾ ಇರುವ ಸಣ್ಣ ಕೊಳವೆಯಿಂದ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆ) ಮುಟ್ಟಿಗೆ ತುಸು ಮುಂಚೆ ಅಥವಾ ಮುಟ್ಟಿನಲ್ಲೇ ಮಾಡಿಸಿದರೆ ಒಳ್ಳೆಯದು. ನೀಲಿ ಬಣ್ಣದ ಗಂಟು ಆಗಲೇ ಉಬ್ಬಿ ಕಾಣುವುದು. ಗಂಟಿನ ತುಣುಕು ತೆಗೆದು ಬಯಾಪ್ಸಿಗೆ ಕಳಿಸುವಾಗ ನೀವು ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ಅದನ್ನು ಚೀಟಿಯಲ್ಲಿ ಬರೆಸಿ. ಪ್ರೊಜೆಸ್ಟಿನ್‌ನಿಂದ (ಡೈನೊಜೆಸ್ಟ್ ಈ ಬಗೆಯ ಹಾರ್ಮೋನ್) ಈ ಅಂಗಾಂಶದ ಜೀವಕೋಶಗಳು ಊದಿಕೊಂಡು ರೂಪವೇ ಬದಲಾಗುತ್ತದೆ, ಮಾತ್ರೆಯ ವಿಷಯ ಗೊತ್ತಿಲ್ಲದೆ ತುಣುಕು ಪರೀಕ್ಷಿಸುವ ಪೆಥಾಲಜಿಸ್ಟ್ ಬೇರೇನೋ ಅಂದುಕೊಳ್ಳಬಹುದು.

ವೈದ್ಯರು ಡೈನೊಜೆಸ್ಟ್ ಬರೆದರೆ ದಿನಕ್ಕೆ 2 ಮಿ.ಗ್ರಾಂ., ಒಂದೇ ಹೊತ್ತಿಗೆ, ಮುಟ್ಟಾದರೂ ಬಿಡದೆ. ನುಂಗಿದ 3-4 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ. ಮೊದಲ ತಿಂಗಳುಗಳಲ್ಲಿ ಹೊತ್ತಲ್ಲದ ಹೊತ್ತಲ್ಲಿ ರಕ್ತದ ಕಲೆ ಕಾಣಿಸುವುದು ಮಾಮೂಲು. ಅನೇಕರು ಇಲ್ಲೇ ಹೆದರಿ ನಿಲ್ಲಿಸಿಬಿಡುತ್ತಾರೆ. ಇದನ್ನು ಗರ್ಭನಿರೋಧಕವೆಂದು ನಂಬಬೇಡಿ, ಕಾಂಡೋಮ್ ಬಳಸಿ.

ಮಾತ್ರೆ ಗಂಟನ್ನು ಅಡಗಿಸುತ್ತದೆ, ಅಳಿಸುವುದಿಲ್ಲ. ಬಿಟ್ಟರೆ ನೋವು ಮರಳಬಹುದು. ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ಮೂತ್ರನಾಳವೂ ಬಿಗಿದಿದ್ದರೆ ನೋವೇ ಇಲ್ಲದೆ ಕಿಡ್ನಿ ಊದಿಕೊಂಡು ಹಾಳಾಗಬಹುದು. ಹಾಗಾಗಿ ಶುರುವಿನಲ್ಲೇ ಕಿಡ್ನಿ ಸ್ಕ್ಯಾನ್ ಆಗಲಿ. ಊತವಿದ್ದರೆ ಮಾತ್ರೆ ನೆಚ್ಚಿ ಕಾಯದೆ ಯೂರಾಲಜಿಸ್ಟ್ ಬಳಿ ಹೋಗಿ.