ಹಸಿರು ಶಾಲು ಕಂಡ ನೆಂಟರು ಕೇಳುವ ಪ್ರಶ್ನೆಗಳು

ಹಬ್ಬಕ್ಕೆ ಬರುವ ಬೆಂಗಳೂರಿನ ನೆಂಟರು ಗೂಟದ ಮೇಲಿನ ನನ್ನ ಹಸಿರು ಶಾಲು ಕಂಡ ಕೂಡಲೇ ಕೇಳುತ್ತಾರೆ, "ರಸ್ತೆ ತಡೆದ್ರೆ ನಿಮಗೇನು ಸಿಗುತ್ತೆ?" ರೈತ ಸಂಘದಲ್ಲಿ ಇರುವವರಿಗೆಲ್ಲ ಇದು ಮಾಮೂಲಿ.

ಇತಿಹಾಸ ಆಮೇಲೆ. ಮೊದಲು ಅಕ್ಕನ ಮಗನಿಗೆ ಮೊಬೈಲ್ ತೆಗೆದು ಲೆಕ್ಕ ಹಾಕು ಅನ್ನುತ್ತೇನೆ. 2022ರ ನವೆಂಬರ್‌ನಲ್ಲಿ ಪೇಪರಿನಲ್ಲಿ ಬಂದ ಲೆಕ್ಕ ಅದು. ಗದಗ ಜಿಲ್ಲೆಯ ರೈತರೊಬ್ಬರು ಯಶವಂತಪುರ ಮಾರುಕಟ್ಟೆಗೆ 205 ಕೆಜಿ ಈರುಳ್ಳಿ ತಂದರು. ಸಿಕ್ಕ ರೇಟು ಕ್ವಿಂಟಾಲ್‌ಗೆ 200 ರೂಪಾಯಿ. ಒಟ್ಟು 410. ಅದರಲ್ಲಿ ಸಾಗಣೆ ಬಾಡಿಗೆ 377 ರೂಪಾಯಿ 64 ಪೈಸೆ, ಹಮಾಲಿ 24 ರೂಪಾಯಿ. ಹುಡುಗ ಎರಡು ಸಲ ಒತ್ತಿ ನೋಡುತ್ತಾನೆ. ಉಳಿದದ್ದು 8 ರೂಪಾಯಿ 36 ಪೈಸೆ. "ಮಾವ, ಬೀಜ, ಗೊಬ್ಬರದ ದುಡ್ಡು?" ಅಂತ ಅವನೇ ಕೇಳುತ್ತಾನೆ. ಅಲ್ಲಿಗೆ ನನ್ನ ಅರ್ಧ ಕೆಲಸ ಮುಗಿಯಿತು.

ಚಿಕ್ಕಪ್ಪ ಮಾತ್ರ ಸುಲಭಕ್ಕೆ ಬಗ್ಗುವವರಲ್ಲ. ಬ್ಯಾಂಕಿನಲ್ಲಿ ಇದ್ದು ರಿಟೈರ್ ಆದವರು. "ಸಾಲ ತಗೊಂಡ ಮೇಲೆ ಕಟ್ಟಬೇಕಪ್ಪ" ಅನ್ನುತ್ತಾರೆ. 80ರ ದಶಕದಲ್ಲಿ ಸಂಘ ಹೂಡಿದ ವಾದವನ್ನು ಅವರ ಮುಂದಿಡುತ್ತೇನೆ. ಪೇಟೆಗೆ ಅಗ್ಗದಲ್ಲಿ ಊಟ ಸಿಗಲಿ ಅಂತ ಬೆಳೆಯ ಬೆಲೆ ಅದುಮಿ ಇಟ್ಟರಲ್ಲ, ಆ ನಷ್ಟ ಲೆಕ್ಕ ಹಾಕಿದರೆ ಸರ್ಕಾರವೇ ರೈತನಿಗೆ ಬಾಕಿ. ಆಗ ಸಾಲಕ್ಕೆ ಪಾತ್ರೆ ಪಗಡ ಜಪ್ತಿ ಮಾಡಿದರೆ ಸಂಘದವರು ಗುಂಪಾಗಿ ಹೋಗಿ ವಾಪಸ್ ತರುತ್ತಿದ್ದರು. ಅದಕ್ಕೆ ಮರುಜಪ್ತಿ ಅಂತ ಹೆಸರು. ಕೇಳದೆ ಅಧಿಕಾರಿಗಳು ಒಳಗೆ ಬರಬಾರದು ಅಂತ ಊರ ಬಾಗಿಲಲ್ಲಿ ಬೋರ್ಡ್ ಹಾಕಿದ್ದೂ ಆಗಲೇ. ಚಿಕ್ಕಪ್ಪ ಒಪ್ಪುವುದಿಲ್ಲ. ಆದರೆ ನರಗುಂದದ ಮಾತು ಬಂದಾಗ ವಾದ ಬಿಡುತ್ತಾರೆ. ಮಲಪ್ರಭಾ ಕಾಲುವೆ ನೀರು ಸರಿಯಾಗಿ ಬಾರದ ಹೊಲಕ್ಕೂ ಅಭಿವೃದ್ಧಿ ಕರ ಕೇಳಿದ್ದರು. 1980ರ ಜುಲೈ 21ರಂದು ಗೋಲಿಬಾರ್ ಆಗಿ ರೈತರು ಸತ್ತರು. ರಾಜ್ಯ ರೈತ ಸಂಘ ಕಟ್ಟಿದ್ದೂ ಅದೇ ವರ್ಷ.

1996ರಲ್ಲಿ ಸಂಘದವರು ಬೆಂಗಳೂರಿನಲ್ಲಿ ವಿದೇಶಿ ಕಂಪನಿ ಕೆಎಫ್‌ಸಿಯ ಚಿಕನ್ ಅಂಗಡಿ ಒಡೆದದ್ದನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ನಾನು ಸಮರ್ಥನೆಗೆ ಹೋಗಲ್ಲ. ಗಾಜು ಒಡೆದದ್ದು ಎಲ್ಲರಿಗೂ ನೆನಪಿದೆ, ಯಾಕೆ ಒಡೆದರು ಅನ್ನೋದು ಯಾರಿಗೂ ನೆನಪಿಲ್ಲ. ಸಂಘದಲ್ಲಿ ಎಷ್ಟು ಬಣ ಅಂತ ಕೇಳಿದರೆ ಸುಮ್ನೆ ನಗುತ್ತೇನೆ.

ಕೊನೆಗೆ ಅತ್ತೆ ಕೇಳುತ್ತಾರೆ, "ಬೆಂಬಲ ಬೆಲೆ ಅಂತ ಇದೆಯಲ್ವಾ?" ಇದೆ, 22 ಬೆಳೆಗಳಿಗೆ. ಅದರಲ್ಲಿ ಈರುಳ್ಳಿ ಇಲ್ಲ. ಇರುವ ಬೆಳೆಗೂ ಖರೀದಿ ಕೇಂದ್ರ ತಡವಾಗಿ ತೆರೆದರೆ, ಅಷ್ಟರಲ್ಲಿ ಕೈಸಾಲದವರು ಬಾಗಿಲಿಗೆ ಬಂದಿರುತ್ತಾರೆ, ಮಾಲು ದಲ್ಲಾಳಿ ಕೈ ಸೇರಿರುತ್ತದೆ.