ತಗ್ಗಿದ ದನಿಯ ಸ್ಟಾಲಿನ್

ನಾಟಕದಲ್ಲಿ ಸೋವಿಯತ್ ಸರ್ವಾಧಿಕಾರಿ ಸ್ಟಾಲಿನ್ ಪಾತ್ರ ನನಗೆ ಎಂದು ಗೊತ್ತಾದ ದಿನವೇ ಎಡ ಮೊಣಕೈಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡೆ. ಬಾಲ್ಯದಲ್ಲಿ ಆದ ಪೆಟ್ಟಿನಿಂದ ಅವನ ಎಡಗೈ ಜೀವನಪೂರ್ತಿ ನೆಟ್ಟಗಾಗಲಿಲ್ಲ. ಬ್ಯಾಂಡೇಜ್ ಕಟ್ಟಿಕೊಂಡೇ ತರಕಾರಿ ತಂದೆ, ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಓಡಾಡಿದೆ, ಮನೆಯಲ್ಲಿ ಬಟ್ಟೆ ಒಣಗಿಸಿದೆ. ಒಂದು ವಾರದಲ್ಲಿ ಮೈ ತಾನಾಗಿ ಒಂದು ಪಾಠ ಕಲಿಯಿತು. ಒಂದು ಕೈ ಮಡಚಿಕೊಂಡೇ ಇದ್ದರೆ ಇನ್ನೊಂದನ್ನು ಸುಮ್ಮನೆ ಬೀಸಲು ಮನಸ್ಸಾಗುವುದಿಲ್ಲ. ನಡೆಯುವುದು, ತಿರುಗುವುದು, ಕುರ್ಚಿ ಎಳೆಯುವುದು ಎಲ್ಲವೂ ಮಿತವಾಗುತ್ತವೆ.

ನಮ್ಮದು ಮೈಸೂರಿನ ಸಣ್ಣ ಹವ್ಯಾಸಿ ತಂಡ. ನಾನು ಬ್ಯಾಂಕ್ ನೌಕರಿಯಿಂದ ನಿವೃತ್ತನಾದವನು. ನಿರ್ದೇಶಕಿ ನನ್ನ ಮಗಳ ವಯಸ್ಸಿನವರು. ನಾಟಕವನ್ನು ಅವರೇ ಬರೆದಿದ್ದರು. ಏಳು ದೃಶ್ಯಗಳಲ್ಲಿ ಒಂದು ಭಾಷಣವೂ ಇಲ್ಲ, ಯುದ್ಧವೂ ಇಲ್ಲ. ಹೆಂಡತಿ, ಮಕ್ಕಳು, ನಾದಿನಿಯರು, ಊಟದ ಮೇಜು, ಕೊನೆಗೆ ಮಾಸ್ಕೋ ಹೊರವಲಯದ ಕುಂತ್ಸೆವೊದಲ್ಲಿದ್ದ ತೋಟದ ಮನೆ.

ನಾನು ಬೆಳೆದದ್ದು ಪೌರಾಣಿಕ ನಾಟಕಗಳ ನಡುವೆ. ಕಂಸನೆಂದರೆ ಪರದೆ ಏಳುವ ಮೊದಲೇ ಅಬ್ಬರ ಕೇಳಬೇಕು. ಊರಿನ ಮಕ್ಕಳು ಅಮ್ಮನ ಸೆರಗು ಹಿಡಿದುಕೊಳ್ಳಬೇಕು. ಮೊದಲ ದಿನದ ತಾಲೀಮಿನಲ್ಲಿ ನಾನು ಅದನ್ನೇ ಮಾಡಿದೆ. ನಿರ್ದೇಶಕಿ ನಿಲ್ಲಿಸಿ, "ಸರ್, ಇವನು ಕಿರುಚುವವನಲ್ಲ, ಎಲ್ಲರೂ ಉಸಿರು ಬಿಗಿಹಿಡಿದು ಕೇಳುವಂತೆ ಮಾತನಾಡುವವನು" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಸ್ಟಾಲಿನ್ ಮೆಲ್ಲಗೆ ಮಾತನಾಡುತ್ತಿದ್ದ. ಸಭೆಯಲ್ಲಿ ಎಲ್ಲರೂ ಕುಳಿತಿರುವಾಗ ತಾನೊಬ್ಬನೇ ಮೃದುವಾದ ಚರ್ಮದ ಬೂಟು ಹಾಕಿಕೊಂಡು ಅವರ ಬೆನ್ನ ಹಿಂದೆ ಅತ್ತಿಂದಿತ್ತ ಓಡಾಡುತ್ತಿದ್ದ. ನಮ್ಮ ರಂಗದ ಹಲಗೆಯ ಮೇಲೆ ನನ್ನ ಬೂಟು ದಬದಬ ಎನ್ನುತ್ತಿತ್ತು. ಅಟ್ಟೆಗೆ ಹಳೆಯ ಕಂಬಳಿಯ ತುಂಡು ಅಂಟಿಸಿದ ಮೇಲೆ ಸದ್ದು ಅಡಗಿತು. ಮೇಜಿನ ಸುತ್ತ ಕುಳಿತಿದ್ದ ಸಹನಟರು ಆ ದಿನವೇ ನನ್ನತ್ತ ತಿರುಗಿ ನೋಡಲು ಹೆದರತೊಡಗಿದರು. ಯಾರೂ ಹೇಳಿಕೊಡದೆ ಹಾಗಾಯಿತು.

ಉಚ್ಚಾರಣೆಯ ಪ್ರಶ್ನೆ ಹೆಚ್ಚು ಕಾಡಿತು. ಅವನ ತಾಯಿನುಡಿ ಜಾರ್ಜಿಯನ್. ಹುಟ್ಟಿದ್ದು 1878ರಲ್ಲಿ ಗೋರಿ ಎಂಬ ಊರಿನಲ್ಲಿ, ಚಪ್ಪಲಿ ಹೊಲಿಯುವವನ ಮಗನಾಗಿ. ಹದಿಹರೆಯದಲ್ಲಿ ಜಾರ್ಜಿಯನ್ ಭಾಷೆಯಲ್ಲಿ ಬರೆದ ಪದ್ಯಗಳು 1895ರಲ್ಲಿ ಇಂದಿನ ಟಿಬಿಲಿಸಿಯಾದ ತಿಫ್ಲಿಸ್‌ನ ಪತ್ರಿಕೆಯೊಂದರಲ್ಲಿ ಅಚ್ಚಾಗಿದ್ದವು. ರಷ್ಯನ್ ಭಾಷೆಯನ್ನು ಕೊನೆಯವರೆಗೂ ಜಾರ್ಜಿಯನ್ ಎಳೆತದಲ್ಲೇ ಆಡಿದ. ಕನ್ನಡದಲ್ಲಿ ಅದನ್ನು ತೋರಿಸುವುದು ಹೇಗೆ? ತಂಡದ ಒಬ್ಬರು ಯಾವುದಾದರೂ ಪ್ರಾದೇಶಿಕ ಕನ್ನಡ ಬಳಸೋಣ ಎಂದರು. ನಾನು ಒಪ್ಪಲಿಲ್ಲ. ನಮ್ಮ ಯಾವ ಊರಿನ ಮಾತನ್ನು ಅವನ ಬಾಯಿಗೆ ಹಾಕಿದರೂ ಆ ಊರಿನವರಿಗೆ ಅನ್ಯಾಯ. ಕೊನೆಗೆ ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಮೊದಲು ಒಂದು ಉಸಿರಿನಷ್ಟು ತಡೆಯುವುದನ್ನು ರೂಢಿಸಿಕೊಂಡೆ. ಎರಡನೆಯ ಭಾಷೆಯಲ್ಲಿ ಬದುಕುವವನು ಪದವನ್ನು ಕೈಗೆ ತೆಗೆದುಕೊಂಡು ನೋಡಿ ಇಡುತ್ತಾನಲ್ಲ, ಹಾಗೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, "ಅವರನ್ನು..." ಎಂದು ನಿಂತರೆ ಏನು ಮಾಡಬೇಕೆಂಬ ತೀರ್ಪು ಗಾಳಿಯಲ್ಲಿ ತೂಗುತ್ತಿತ್ತು.

ಎಲ್ಲಕ್ಕಿಂತ ಸುಲಭ ಎಂದುಕೊಂಡಿದ್ದ ದೃಶ್ಯ ಮಗಳದು. ಸ್ವೆತ್ಲಾನಾ ಹುಟ್ಟಿದ್ದು 1926ರಲ್ಲಿ. ತಂದೆ ಮಗಳ ನಡುವೆ ಒಂದು ಆಟವಿತ್ತು. ಅವಳು ಮನೆಯ ಯಜಮಾನಿ, ಅವನು ಅವಳ ಕಾರ್ಯದರ್ಶಿ. ಸಿನಿಮಾಕ್ಕೆ ಕರೆದುಕೊಂಡು ಹೋಗಬೇಕೆಂದು ಅವಳು ಚೀಟಿಯಲ್ಲಿ ಅಪ್ಪಣೆ ಬರೆದರೆ, ಒಪ್ಪಿದ್ದೇನೆ ಎಂದು ಬರೆದು ಅವನು ರುಜು ಹಾಕುತ್ತಿದ್ದ. ನಮ್ಮ ನಾಟಕದಲ್ಲಿ ಆ ಪಾತ್ರ ಮಾಡಿದವಳು ನಾಲ್ಕನೆಯ ತರಗತಿಯ ಹುಡುಗಿ. ಅವಳ ಮುಂದೆ ಮಂಡಿಯೂರಿ ಚೀಟಿಗೆ ರುಜು ಹಾಕುವಾಗ ನನಗೆ ನಟಿಸಬೇಕಾಗಿಯೇ ಇರಲಿಲ್ಲ, ನನ್ನ ಮೊಮ್ಮಗಳು ನೆನಪಾಗುತ್ತಿದ್ದಳು.

ಪ್ರದರ್ಶನಕ್ಕೆ ಮೂರು ವಾರ ಮೊದಲು ಪರಿಚಿತರನ್ನು ಕರೆದು ಪೂರ್ತಿ ನಾಟಕ ಆಡಿ ತೋರಿಸಿದೆವು. ಮುಗಿದ ಮೇಲೆ ಒಬ್ಬ ಹಿರಿಯ ಮಹಿಳೆ ಕಣ್ಣೊರೆಸಿಕೊಂಡು ಬಂದು, "ಪಾಪ, ಹೆಂಡತಿ ಸತ್ತ ಮೇಲೆ ಆ ಮಗುವನ್ನು ಎಷ್ಟು ಅಕ್ಕರೆಯಿಂದ ನೋಡಿಕೊಂಡ" ಎಂದರು. ನನಗೆ ಮೊದಲು ಹೆಮ್ಮೆಯಾಯಿತು. ರಾತ್ರಿ ನಿದ್ದೆ ಬರಲಿಲ್ಲ. ಆ ಹೆಂಡತಿ, ನಾದೆಜ್ದಾ, 1932ರ ನವೆಂಬರ್‌ನಲ್ಲಿ 1917ರ ಕ್ರಾಂತಿಯ ವಾರ್ಷಿಕೋತ್ಸವದ ಔತಣದಿಂದ ಎದ್ದು ಹೋಗಿ ಗುಂಡು ಹಾರಿಸಿಕೊಂಡವಳು. ಮಕ್ಕಳಿಗೆ ಕಾಯಿಲೆಯಿಂದ ಸತ್ತಳೆಂದು ಹೇಳಿದ್ದರು. ಒಂಬತ್ತು ವರ್ಷಗಳ ನಂತರ ಮಗಳಿಗೆ ನಿಜ ಗೊತ್ತಾದದ್ದು ಒಂದು ಇಂಗ್ಲಿಷ್ ಪತ್ರಿಕೆಯಿಂದ. ನಾನು ಆ ಮನೆಯ ಮೇಲೆ ಕರುಣೆಯ ಬೆಳಕು ಚೆಲ್ಲಿ, ಮಿಕ್ಕಿದ್ದನ್ನೆಲ್ಲ ನೇಪಥ್ಯಕ್ಕೆ ತಳ್ಳಿದ್ದೆ. ದುರ್ಯೋಧನನಿಗೂ ಕಣ್ಣೀರು ಹಾಕುವ ಸಂಪ್ರದಾಯ ನಮ್ಮದು; ಅದು ದೊಡ್ಡದೇ. ಆದರೆ ದುರ್ಯೋಧನನಿಂದ ಸತ್ತವರ ಮೊಮ್ಮಕ್ಕಳು ಇಂದು ಬದುಕಿಲ್ಲ. ಸ್ಟಾಲಿನ್‌ನಿಂದ ಸತ್ತವರ ಮೊಮ್ಮಕ್ಕಳು ಬದುಕಿದ್ದಾರೆ.

ದಾರಿ ತೋರಿಸಿದ್ದು ಆ ಪುಟ್ಟ ಹುಡುಗಿ. "ತಾತ, ಮೆಟ್ರೋದಲ್ಲಿ ನಮ್ಮ ಜೊತೆ ಬರುವ ಅತ್ತೆ ಆಮೇಲೆ ಯಾಕೆ ಬರುವುದೇ ಇಲ್ಲ?" ಎಂದು ಕೇಳಿದಳು. 1935ರ ಏಪ್ರಿಲ್‌ನಲ್ಲಿ, ಮಾಸ್ಕೋ ಮೆಟ್ರೋ ಇನ್ನೂ ಜನರಿಗೆ ತೆರೆಯುವ ಮುನ್ನ, ಮಗಳ ಆಸೆಗೆಂದು ಮನೆಯವರು ಹೊರಟಾಗ ಸ್ಟಾಲಿನ್ ತಾನೂ ಬರುತ್ತೇನೆಂದು ಎದ್ದ. ನಿಲ್ದಾಣದಲ್ಲಿ ಜನ ಅವನನ್ನು ಕಂಡು ನುಗ್ಗಿ ಬಂದ ಸಂಭ್ರಮವನ್ನು ದಿನಚರಿಯಲ್ಲಿ ಬರೆದಿಟ್ಟವಳು ಮರಿಯಾ ಸ್ವಾನಿದ್ಜೆ. ಸ್ಟಾಲಿನ್ ಮೊದಲ ಹೆಂಡತಿಯ ಸೋದರ ಅಲೆಕ್ಸಾಂದರ್‌ನ ಮಡದಿ, ಒಪೆರಾ ಗಾಯಕಿ. ನಾನು ಅವಳ ಬರಹವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ, ಅಕ್ಕರೆಯ ವಿವರಗಳನ್ನೆಲ್ಲ ಅಲ್ಲಿಂದಲೇ ಹೆಕ್ಕಿಕೊಂಡಿದ್ದೆ. ಹುಡುಗಿ ಕೇಳಿದ ಮೇಲೆ ಮರಿಯಾಳ ಕಡೆಯ ದಿನಗಳನ್ನು ಓದಿದೆ. 1937ರ ಕೊನೆಯಲ್ಲಿ ಗಂಡ ಹೆಂಡತಿ ಇಬ್ಬರ ಬಂಧನ. 1941ರಲ್ಲಿ ಅವನಿಗೆ ಗುಂಡು, 1942ರ ಮಾರ್ಚ್‌ನಲ್ಲಿ ಅವಳಿಗೆ. ದಿನಚರಿ ಉಳಿದದ್ದು ಸ್ಟಾಲಿನ್‌ನ ಖಾಸಗಿ ಕಾಗದಪತ್ರಗಳ ನಡುವೆ.

ಮರುದಿನ ನಿರ್ದೇಶಕಿಯ ಮನೆಗೆ ಹೋಗಿ ಕುಳಿತೆ. ಅವರ ಮೊದಲ ಸಲಹೆ, ಮಗಳ ದೃಶ್ಯದಲ್ಲಿ ಮುಖದ ಮೇಲೆ ಒಂದು ಕಪಟದ ನಗೆ ತರಬಹುದೇ ಎಂದು. ನಾನು ಒಪ್ಪಲಿಲ್ಲ. ಆ ಪ್ರೀತಿ ಸುಳ್ಳಾಗಿರಲಿಲ್ಲ. ಸುಳ್ಳೆಂದು ತೋರಿಸಿದರೆ ಪ್ರೇಕ್ಷಕರು ಹಗುರವಾಗಿ ಮನೆಗೆ ಹೋಗುತ್ತಾರೆ, ಇತಿಹಾಸಕ್ಕೆ ಮೋಸವಾಗುತ್ತದೆ. 1937-38ರಲ್ಲಿ ಅವನ ಮತ್ತು ಅವನ ಆಪ್ತರ ಒಪ್ಪಿಗೆಗೆ ಬಂದ, ಬಹುಪಾಲು ಮರಣದಂಡನೆಯ, 383 ಪಟ್ಟಿಗಳಲ್ಲಿ ಸುಮಾರು 44,000 ಹೆಸರುಗಳಿದ್ದವು. ಮಗಳ ಚೀಟಿಗೆ ಸಹಿ ಹಾಕಿದ ಕೈಯೇ ಅವಕ್ಕೂ ಸಹಿ ಹಾಕಿತು. ಎರಡೂ ಸಹಿಗಳನ್ನು ನಾನು ಒಂದೇ ಪೆನ್ಸಿಲ್‌ನಿಂದ, ಅಷ್ಟೇ ನಿರಾಳವಾಗಿ ಹಾಕುವುದೆಂದು ನಿರ್ಧರಿಸಿದೆವು. ಮರಿಯಾ ಪಾತ್ರಧಾರಿ ಮೆಟ್ರೋ ದೃಶ್ಯಕ್ಕೆ ಮುಂಚೆ ರಂಗದ ಅಂಚಿಗೆ ಬಂದು ತನ್ನ ಹೆಸರು, ಬಂಧನದ ವರ್ಷ, ಸಾವಿನ ವರ್ಷ ಹೇಳಿ, ಆಮೇಲೆ ನಗುನಗುತ್ತಾ ರೈಲು ಹತ್ತುತ್ತಾಳೆ. ದೃಶ್ಯದ ಒಂದು ಮಾತನ್ನೂ ಬದಲಿಸಲಿಲ್ಲ.

ಒಂದು ಆಸೆಯನ್ನು ಕೈಬಿಡಬೇಕಾಯಿತು. ನಮ್ಮ ಮಹಾರಾಜ ಕಾಲೇಜಿನಲ್ಲಿ 1918ರಿಂದ 1921ರವರೆಗೆ ಪಾಠ ಹೇಳಿದ ರಾಧಾಕೃಷ್ಣನ್ ಮುಂದೆ ಮಾಸ್ಕೋದಲ್ಲಿ ರಾಯಭಾರಿಯಾಗಿದ್ದರು. ಕಳಿಂಗದ ನಂತರ ಬದಲಾದ ಅಶೋಕನ ಕಥೆಯನ್ನು ಸ್ಟಾಲಿನ್‌ಗೆ ಹೇಳಿದ್ದರು. ತಾನೂ ಕ್ರೈಸ್ತ ಮಠದ ಶಾಲೆಯಲ್ಲಿ ಐದು ವರ್ಷ ಓದಿದವನೆಂದು ಅವನು ಉತ್ತರಿಸಿದ್ದನಂತೆ. ಮೈಸೂರಿನ ಪ್ರೇಕ್ಷಕರು ಚಪ್ಪಾಳೆ ತಟ್ಟುವ ದೃಶ್ಯ ಅದು. ಚಪ್ಪಾಳೆ ಬಂದೇ ಬರುತ್ತದೆ ಎಂಬ ಕಾರಣಕ್ಕೇ ಬಿಟ್ಟೆವು. ಬದಲಿಗೆ ಅವರ ನಂತರದ ರಾಯಭಾರಿ ಕೆ.ಪಿ.ಎಸ್. ಮೆನನ್ 1953ರ ಫೆಬ್ರವರಿ 17ರಂದು ಕಂಡದ್ದನ್ನು ಇಟ್ಟುಕೊಂಡೆವು. ಮಾತಿನ ನಡುವೆ ಸ್ಟಾಲಿನ್ ಕಾಗದದ ಮೇಲೆ ತೋಳಗಳನ್ನು ಗೀಚುತ್ತಿದ್ದ. ತೋಳಗಳನ್ನು ಏನು ಮಾಡಬೇಕೆಂದು ರಷ್ಯದ ರೈತನಿಗೆ ಗೊತ್ತು ಎಂದೂ ಹೇಳಿದ. ನಾನು ಆ ಗೀಚುವಿಕೆಯನ್ನು ಮೊದಲ ದೃಶ್ಯದಿಂದಲೇ ಆರಂಭಿಸಿದೆ.

ಕೊನೆಯ ದೃಶ್ಯಕ್ಕೆ ಮಾತಿಲ್ಲ. ಆ ಭೇಟಿಯಾಗಿ ಎರಡು ವಾರ ಕಳೆದಿರಲಿಲ್ಲ. ಮಾರ್ಚ್ 1ರ ನಸುಕಿನಲ್ಲಿ ಊಟಕ್ಕೆ ಬಂದವರು ಹೊರಟುಹೋದರು. ಹಗಲೆಲ್ಲ ಅವನ ಕೋಣೆಯಿಂದ ಸದ್ದಿಲ್ಲ. ಕರೆಯದೆ ಒಳಗೆ ಹೋಗಲು ಕಾವಲುಗಾರರಿಗೆ ಧೈರ್ಯವಿಲ್ಲ. ರಾತ್ರಿ ಅಂಚೆಯ ನೆಪದಲ್ಲಿ ಒಬ್ಬ ಒಳಹೊಕ್ಕಾಗ ಅವನು ನೆಲದ ಮೇಲೆ ಬಿದ್ದಿದ್ದ, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ವೈದ್ಯರು ಬಂದದ್ದು ಮರುದಿನ ಬೆಳಿಗ್ಗೆ. ಅವನನ್ನು ಬಹುಕಾಲ ನೋಡಿಕೊಂಡಿದ್ದ ವೈದ್ಯ ವಿನೊಗ್ರಾದೊವ್ ಅವನ ಕಾಲದ ಸೆರೆಮನೆಯಲ್ಲೇ ಇದ್ದರು. ಪ್ರಾಣ ಹೋದದ್ದು ಮಾರ್ಚ್ 5ರ ರಾತ್ರಿ.

ಪ್ರದರ್ಶನದಲ್ಲಿ ನಾನು ಆರು ನಿಮಿಷ ಹಲಗೆಯ ಮೇಲೆ ಬಿದ್ದಿರಬೇಕಿತ್ತು, ಬಾಗಿಲಿನಾಚೆ ಇಬ್ಬರು ಕಾವಲುಗಾರರು. ಮಡಚಿದ ಎಡಗೈ ಮೈಯಡಿ ಸಿಕ್ಕಿ ಜೋಮು ಹಿಡಿಯಿತು, ಅಲುಗಾಡುವಂತಿರಲಿಲ್ಲ. ಸಭಾಂಗಣದಲ್ಲಿ ಒಂದು ಕೆಮ್ಮೂ ಇರಲಿಲ್ಲ. ಬಾಗಿಲಿನಾಚೆಯಿಂದ ಹುಡುಗರ ಪಿಸುಮಾತು ಕೇಳಿತು.

"ನೀನು ಹೋಗು."

"ನೀನೇ ಹೋಗು."