ಮನೆ ತುಂಬ ಜನ, ಕೈಯಲ್ಲಿ ಕೌದಿ

ಕೋವಿಡ್ ಲಾಕ್‌ಡೌನಿನಲ್ಲಿ ಒಂದೇ ಮೇಜಿನ ಮೇಲೆ ಆಫೀಸು, ಆನ್‌ಲೈನ್ ತರಗತಿ, ಊಟ ಮೂರೂ ನಡೆಯುತ್ತಿದ್ದಾಗ ಹೊಲಿಗೆ ಮೆಷಿನ್ನಿಗೆ ಜಾಗ ಸಿಗುತ್ತಿರಲಿಲ್ಲ, ಸಿಕ್ಕರೂ ಅದರ ಸದ್ದಿಗೆ ಹೊತ್ತು ಸಿಗುತ್ತಿರಲಿಲ್ಲ. ಕೈಹೊಲಿಗೆಯ ಕೌದಿಗೆ ಈ ತೊಡಕಿಲ್ಲ. ಸೂಜಿ, ಬಟ್ಟೆಯನ್ನು ಹರಡಿ ಹಿಡಿಯುವ ಒಂದು ದೊಡ್ಡ ರಿಂಗು, ಕೂರಲು ಒಂದು ಮೂಲೆ ಇದ್ದರೆ ಸಾಕು. ಆದರೆ ಅಂಥ ಮನೆಯಲ್ಲಿ ಒಂದು ತಾಸು ಬಿಡದೆ ಕೂರಲು ಯಾರಿಗೂ ಆಗದು. ಕೆಲಸ ಯಾವ ಗಳಿಗೆಯಲ್ಲಾದರೂ ಕೆಳಗಿಡುವಂತೆ, ಯಾರಾದರೂ ಮತ್ತೆ ಎತ್ತಿಕೊಳ್ಳುವಂತೆ ಇರಬೇಕು. ಅಳತೆ, ಬಟ್ಟೆ, ದಾರ ಎಲ್ಲವನ್ನೂ ನಾನು ಇದೊಂದಕ್ಕೆ ಹೊಂದಿಸಿಕೊಂಡೆ.

ಅಳತೆ 48 x 60 ಇಂಚು, ಒಬ್ಬರು ಹೊದ್ದು ಕೂರುವಷ್ಟು. 12 ಇಂಚಿನ 20 ಚೌಕ, ಒಂದು ಚೌಕಕ್ಕೆ 9 ತುಂಡು, ಒಟ್ಟು 180. ತುಂಡನ್ನು 4½ ಇಂಚಿಗೆ ಕತ್ತರಿಸಬೇಕು, ಸುತ್ತಲೂ ಕಾಲಿಂಚು ಹೊಲಿಗೆಯೊಳಗೆ ಹೋಗುತ್ತದೆ. ಈ ಕಾಲಿಂಚಿನಲ್ಲಿ ರಿಯಾಯಿತಿ ಇಲ್ಲ. ಹೊಲಿಗೆ 1/16 ಇಂಚು ಒಳಗೆ ಸರಿದರೆ ಎರಡೂ ತುಂಡುಗಳಿಂದ ಸೇರಿ 1/8 ಇಂಚು ಹೋಗುತ್ತದೆ. ಚೌಕದ ಅಡ್ಡಕ್ಕೆ ಎರಡು ಹೊಲಿಗೆ ಇರುವುದರಿಂದ 12½ ಬರಬೇಕಾದದ್ದು 12¼ಕ್ಕೆ ಬಂದು ನಿಲ್ಲುತ್ತದೆ. ಒಬ್ಬರೇ ಹೊಲಿದರೆ ಎಲ್ಲ ಚೌಕಗಳೂ ಒಂದೇ ಸಮ ಕುಗ್ಗಿ ಹೇಗೋ ಕೂಡಿಕೊಳ್ಳುತ್ತವೆ. ನಾಲ್ಕು ಜನ ಹೊಲಿದರೆ ನಾಲ್ಕು ಅಳತೆ. ಹಾಗಾಗಿ ಹೊಲಿಗೆಯ ಗೆರೆಯನ್ನೇ ತುಂಡಿನ ಹಿಂಬದಿಗೆ ಎಳೆದಿಡುತ್ತೇನೆ. 4 ಇಂಚಿನ ರಟ್ಟಿನ ಚೌಕವಿಟ್ಟು ಸುತ್ತ ಪೆನ್ಸಿಲ್ ಓಡಿಸಿದರೆ ಆಯಿತು. ಕತ್ತರಿ ಸೊಟ್ಟಗೆ ಹೋಗಿದ್ದರೂ ಗೆರೆಗೆ ಗೆರೆ ಕೂಡಿದರೆ ಚೌಕ ನೆಟ್ಟಗೆ ಬರುತ್ತದೆ. ರಟ್ಟಿನ ಅಂಚು ಸವೆಯುತ್ತದೆ, 40-50 ತುಂಡಿಗೊಮ್ಮೆ ಹೊಸದು ಕತ್ತರಿಸಿಕೊಳ್ಳಿ.

ಅಂಗಡಿ ಮುಚ್ಚಿದ್ದಾಗ ಬಟ್ಟೆ ಮನೆಯ ಕಪಾಟಿನಿಂದಲೇ ಬರಬೇಕು. ಹಳೆಯ ಕಾಟನ್ ಅಂಗಿ, ದಿಂಬಿನ ಚೀಲ, ಸೀರೆ ಎಲ್ಲ ಆಗುತ್ತದೆ. ಮೊದಲು ಬೆಳಕಿಗೆ ಹಿಡಿದು ನೋಡಿ, ಎರಡೂ ಕೈಯಿಂದ ಜಗ್ಗಿ ನೋಡಿ. ಎಳೆ ಚದುರಿ ಜಾಲರಿಯಂತೆ ಕಂಡರೆ ಆ ಭಾಗ ಬೇಡ. ಅಂಗಿಯ ಬೆನ್ನು ಗಟ್ಟಿ, ಕಾಲರು ಮತ್ತು ಮೊಣಕೈ ಭಾಗ ಸವೆದಿರುತ್ತದೆ. ಟೀ-ಶರ್ಟಿನ ಹೆಣಿಗೆ ಬಟ್ಟೆ ಹಿಗ್ಗುತ್ತದೆ, ನೇಯ್ದ ಬಟ್ಟೆಯ ಪಕ್ಕದಲ್ಲಿ ಅದು ಚೀಲದಂತೆ ಜೋತುಬೀಳುತ್ತದೆ. ಜೀನ್ಸಿನ ದಪ್ಪ ಹೊಲಿಗೆಗಳಿಗೆ ಸಣ್ಣ ಸೂಜಿ ಇಳಿಯುವುದಿಲ್ಲ. ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳ ಮೇಲೆ ಒದ್ದೆ ಬಿಳಿ ಬಟ್ಟೆ ಒತ್ತಿ ಉಜ್ಜಿ, ಬಣ್ಣ ಹತ್ತಿದರೆ ಇನ್ನೆರಡು ಸಲ ಒಗೆಯಿರಿ. ಆಮೇಲೂ ಬಿಟ್ಟರೆ ಆ ಬಟ್ಟೆಯನ್ನು ಕೈಬಿಡುವುದೇ ಸರಿ.

ಮಾಸ್ಕ್ ಹೊಲಿದು ಉಳಿದ ತುಂಡುಗಳ ಬಗ್ಗೆ ಒಂದು ಮಾತು. 2020ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ಪದರದ ಬಟ್ಟೆ ಮಾಸ್ಕಿನ ಸಲಹೆ ಕೊಟ್ಟ ಮೇಲೆ ಬಹಳ ಮನೆಗಳಲ್ಲಿ ಒತ್ತಾಗಿ ನೇಯ್ದ ಕಾಟನ್ ಉಳಿದುಕೊಂಡಿತು. ಮಾಸ್ಕಿಗೆ ಅದನ್ನು ಆರಿಸಲು ಕಾರಣವಾದ ಗುಣವೇ ಕೈಸೂಜಿಗೆ ಕಷ್ಟ: ಎಳೆಗಳ ನಡುವೆ ಸೂಜಿಗೆ ದಾರಿ ಇರುವುದಿಲ್ಲ, ಬೆರಳು ಬೇಗ ಸೋಲುತ್ತದೆ. ಅದನ್ನು ಮೇಲ್ಪದರದಲ್ಲಿ ಅಲ್ಲೊಂದು ಇಲ್ಲೊಂದು ತುಂಡಾಗಿ ಬಳಸಿ, ಇಡೀ ಅಸ್ತರಿಗೆ, ಅಂದರೆ ಕೌದಿಯ ಅಡಿಪದರಕ್ಕೆ, ಬೇಡ. ಮಾಸ್ಕಿನ ನಡುವೆ ಹಾಕುತ್ತಿದ್ದ ಪಾಲಿಪ್ರೊಪಿಲೀನ್ ಪದರವನ್ನಂತೂ ಕೌದಿಗೆ ಸೇರಿಸಬೇಡಿ, ಇಸ್ತ್ರಿ ತಾಗಿದರೆ ಕರಗುತ್ತದೆ.

ಅಸ್ತರಿಗೆ ಹಲವು ವರ್ಷ ಒಗೆದು ಮೆತ್ತಗಾದ ಬೆಡ್‌ಶೀಟು ಚೆನ್ನ. ಅದು ಮೇಲ್ಪದರಕ್ಕಿಂತ ಎಲ್ಲ ಕಡೆ 4 ಇಂಚು ಹೆಚ್ಚಿರಲಿ, ಅಂದರೆ 56 x 68. ನಡುವಿನ ಪದರಕ್ಕೆ ಹತ್ತಿ ಶೀಟು ಸಿಗದಿದ್ದರೆ ತೆಳುವಾದ ಹಳೆಯ ಹೊದಿಕೆ ಅಥವಾ ಫ್ಲಾನೆಲ್. ದಪ್ಪ ಹಾಕಿದರೆ ಬೆಚ್ಚಗಿರುತ್ತದೆ ಎಂಬ ಆಸೆಗೆ ಬೀಳಬಾರದು. ಪದರ ದಪ್ಪವಾದಷ್ಟೂ ಹೊಲಿಗೆ ಉದ್ದವಾಗುತ್ತದೆ, ಸೂಜಿ ಬಾಗುತ್ತದೆ.

ಇನ್ನು ಮೂರು ಪದರಗಳನ್ನು ಕೂಡಿಸುವ ಕಚ್ಚಾ ಹೊಲಿಗೆ. ಕೌದಿ ಹಾಳಾಗುವುದಾದರೆ ಹೆಚ್ಚಾಗಿ ಇಲ್ಲೇ, ಅದು ಗೊತ್ತಾಗುವುದು ಮಾತ್ರ ತಿಂಗಳ ನಂತರ. ಅಸ್ತರನ್ನು ತಿರುವಿ ನೆಲಕ್ಕೆ ಹಾಸಿ, ನಾಲ್ಕೂ ಬದಿ ಟೇಪು ಅಂಟಿಸಿ. ಸುಕ್ಕಿರಬಾರದು, ಎಳೆದು ಬಿಗಿದಿರಲೂಬಾರದು. ಬಿಗಿದರೆ ಟೇಪು ಬಿಚ್ಚಿದಾಗ ಅಸ್ತರು ಕುಗ್ಗಿ ಮೇಲ್ಪದರ ಉಬ್ಬುತ್ತದೆ. ಅದರ ಮೇಲೆ ನಡುಪದರ, ಅದರ ಮೇಲೆ ಇಸ್ತ್ರಿ ಮಾಡಿದ ಮೇಲ್ಪದರ. ನಡುವಿನಿಂದ ಹೊರಗೆ ಅಂಗೈಯಿಂದ ಸವರಿ, ನಡುವಿನಿಂದಲೇ ಅಂಚಿಗೆ ಹೊಲಿಯುತ್ತ ಹೋಗಬೇಕು. ಸಾಲಿನಿಂದ ಸಾಲಿಗೆ 4 ಇಂಚು, ಅಡ್ಡ ಮತ್ತು ಉದ್ದ ಎರಡೂ, ಒಂದೊಂದು ಹೊಲಿಗೆ 2 ಇಂಚಿನಷ್ಟು ಉದ್ದ. ತೆಳು ಬಣ್ಣದ ದಾರ ಬಳಸಿ, ಗಾಢ ದಾರ ಬಿಚ್ಚುವಾಗ ಬಣ್ಣದ ನಾರು ಬಿಟ್ಟುಹೋಗುತ್ತದೆ. ಪಿನ್ನು ಬೇಗ ಆಗುತ್ತದೆ ನಿಜ, ಆದರೆ ರಿಂಗಿಗೆ ಅಡ್ಡ ಬರುತ್ತದೆ, ಮಕ್ಕಳಿರುವ ಮನೆಯಲ್ಲಿ ಒಂದು ಬಿಚ್ಚಿಕೊಂಡರೂ ಭಯ. ಕಚ್ಚಾ ಹೊಲಿಗೆ ಚೆನ್ನಾಗಿದ್ದರೆ ಕೌದಿಯನ್ನು ಮಡಚಿ ಕಪಾಟಿಗೆ ತಳ್ಳಬಹುದು, ಎಳೆದಾಡಬಹುದು, ಪದರ ಜರುಗುವುದಿಲ್ಲ. ನೆಲ ಬೇಕಾಗುವುದು ಈ ಒಂದು ದಿನ ಮಾತ್ರ, ಮನೆಯವರಿಗೆ ಮೊದಲೇ ಹೇಳಿಡಿ.

ಹೊಲಿಗೆಯ ವಿನ್ಯಾಸ ಸರಳ: ಪ್ರತಿ ತುಂಡಿನೊಳಗೆ, ಕೂಡುಹೊಲಿಗೆಯಿಂದ ಕಾಲಿಂಚು ಬಿಟ್ಟು, ಒಂದು ಚೌಕ. ಅಲ್ಲಿ ಮಡಿಕೆ ಇರುವುದಿಲ್ಲ, ಸೂಜಿ ಸಲೀಸಾಗಿ ಓಡುತ್ತದೆ. ಗುರುತಿಗೆ ಸವೆದ ಸೋಪಿನ ಚೂರು ಸಾಕು. ನೀರಿಗೆ ಹೋಗುವ ನೀಲಿ ಪೆನ್ನಾದರೆ, ಅದನ್ನು ತೊಳೆಯುವ ಮೊದಲು ಇಸ್ತ್ರಿ ಪೆಟ್ಟಿಗೆ ಹತ್ತಿರ ಬರಬಾರದು, ಬಿಸಿ ತಾಗಿದರೆ ಗೆರೆ ಕಚ್ಚಿಕೊಳ್ಳುತ್ತದೆ.

ಸೂಜಿ ಗಿಡ್ಡದು, ಬಿಟ್ವೀನ್ಸ್ ಎಂದು ಸಿಗುವ ಬಗೆ. ಸಂಖ್ಯೆ ಏರಿದಂತೆ ಸೂಜಿ ಸಣ್ಣದಾಗುತ್ತದೆ. ಹೊಸಬರಿಗೆ 8 ಅಥವಾ 9, ಕೈ ಪಳಗಿದ ಮೇಲೆ 10. ದಾರ 18 ಇಂಚು, ಅದಕ್ಕಿಂತ ಉದ್ದ ಬೇಡ. ಸೂಜಿಯ ಕಣ್ಣಿನಲ್ಲಿ ಉಜ್ಜಿ ಉಜ್ಜಿ ಉದ್ದ ದಾರ ನಾರೇಳುತ್ತದೆ, ಗಂಟು ಹಾಕಿಕೊಳ್ಳುತ್ತದೆ. 18 ಇಂಚು ದಾರದಲ್ಲಿ 9ರಿಂದ 10 ಇಂಚು ಹೊಲಿಗೆ ಬರುತ್ತದೆ. ಒಂದು ತುಂಡಿನೊಳಗಿನ ಚೌಕದ ಸುತ್ತಳತೆ 14 ಇಂಚು, 9 ತುಂಡಿಗೆ 126, ಅಂದರೆ 12 ಇಂಚಿನ ಒಂದು ಚೌಕಕ್ಕೆ ಸುಮಾರು 13 ದಾರ, ಇಡೀ ಕೌದಿಗೆ 260. ಈ ಲೆಕ್ಕ ನನಗೆ ಬಹಳ ನೆಮ್ಮದಿ ಕೊಟ್ಟದ್ದು. ದಿನಕ್ಕೆ 4 ದಾರವಾದರೆ 65 ದಿನ. ಒಂದು ದಾರಕ್ಕೆ ಕಾಲು ತಾಸು ಸಾಕು. ಅಕ್ಕಿ ಬೇಯುವ ಹೊತ್ತಿಗೆ ಒಂದು ಮುಗಿಯುತ್ತದೆ.

ದಾರದ ತುದಿಯನ್ನು ಸೂಜಿಗೆ ಎರಡು ಸುತ್ತು ಸುತ್ತಿ ಎಳೆದು ಸಣ್ಣ ಗಂಟು ಮಾಡಿ. ಶುರು ಮಾಡುವ ಜಾಗದಿಂದ ಒಂದಿಂಚು ದೂರದಲ್ಲಿ ಸೂಜಿ ಚುಚ್ಚಿ, ನಡುಪದರದೊಳಗೇ ನಡೆಸಿ ಗೆರೆಯ ಮೇಲೆ ಎಬ್ಬಿಸಿ. ಗಂಟು ಬಟ್ಟೆಯ ಮೇಲೆ ಬಂದು ನಿಲ್ಲುತ್ತದೆ. ಆಗ ಹೆಬ್ಬೆರಳ ಉಗುರಿನಿಂದ ಅಲ್ಲಿನ ಬಟ್ಟೆಯನ್ನು ಸ್ವಲ್ಪ ಕೆರೆಯುತ್ತ ದಾರವನ್ನು ಚುರುಕಾಗಿ ಜಗ್ಗಿದರೆ 'ಟಪ್' ಎಂದು ಗಂಟು ಒಳಗಿಳಿಯುತ್ತದೆ. ಕೈಗೆ ಆ ಸದ್ದು ತಿಳಿಯುತ್ತದೆ, ಕಿವಿಗಿಂತ ಮೊದಲೇ. ಪೂರ್ತಿ ಆಚೆ ಬಂದರೆ ಗಂಟು ಸಣ್ಣದಾಯಿತು, ಒಳಗೆ ಇಳಿಯಲೇ ಇಲ್ಲವಾದರೆ ದೊಡ್ಡದಾಯಿತು.

14 ಇಂಚಿನ ರಿಂಗಿನಲ್ಲಿ ಬಟ್ಟೆ ಡೋಲಿನಂತೆ ಬಿಗಿಯಾಗಿರಬಾರದು. ಕೆಳಗಿನಿಂದ ಬೆರಳು ತಳ್ಳಿದರೆ ಸಣ್ಣ ದಿಬ್ಬ ಏಳುವಷ್ಟು ಸಡಿಲವಿರಲಿ. ಸೂಜಿಯ ಹಿಂದೆ ಥಿಂಬಲ್ (ಬೆರಳ ತುದಿಗೆ ಹಾಕುವ ಟೋಪಿ) ಹಾಕಿದ ಮಧ್ಯದ ಬೆರಳು, ಬಟ್ಟೆಯ ಕೆಳಗೆ ಇನ್ನೊಂದು ಕೈಯ ಬೆರಳು. ಸೂಜಿಯನ್ನು ನೆಟ್ಟಗೆ ನಿಲ್ಲಿಸಿ ಇಳಿಸಿ. ತುದಿ ಕೆಳಬೆರಳಿಗೆ ತಾಗಿದೆ ಎನ್ನುವಾಗಲೇ ಹಿಂಭಾಗ ಬಗ್ಗಿಸಿ, ಕೆಳಬೆರಳಿನಿಂದ ತುದಿಯನ್ನು ಮೇಲೆ ತಳ್ಳಿ. ಹೀಗೆ ತೊಟ್ಟಿಲು ತೂಗಿದಂತೆ ಮೂರು ನಾಲ್ಕು ಹೊಲಿಗೆ ಸೂಜಿಗೇರಿಸಿ ಎಳೆಯಬೇಕು. ತುದಿ ಕೆಳಬೆರಳಿಗೆ ತಾಗದಿದ್ದರೆ ಸೂಜಿ ಅಸ್ತರನ್ನು ಹಿಡಿದಿಲ್ಲ ಎಂದರ್ಥ. ಮೇಲೆ ಅಚ್ಚುಕಟ್ಟಾಗಿ ಕಂಡು ತಿರುವಿದಾಗ ಹೊಲಿಗೆ ಕಾಣೆಯಾಗುವುದಕ್ಕೆ ಕಾರಣ ಇದೇ. ಮೊದಲಿಗೆ ಇಂಚಿಗೆ 5-6 ಹೊಲಿಗೆ ಸಾಕು. ಸಣ್ಣದಿರಬೇಕೆಂಬ ಹಟ ಬೇಡ, ಸಮವಿರಲಿ.

ರಕ್ತದ ಚುಕ್ಕೆ ಬಿದ್ದರೆ ಕೂಡಲೇ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಒತ್ತಿ. ಬಿಸಿನೀರು ಕಲೆಯನ್ನು ಕಾಯಂ ಮಾಡುತ್ತದೆ. ಕೆಲಸ ನಿಲ್ಲಿಸುವಾಗ ರಿಂಗು ಬಿಚ್ಚಿಡಿ, ರಾತ್ರಿಯಿಡೀ ಇದ್ದರೆ ಉಂಗುರದ ಮಡಿಕೆ ಉಳಿಯುತ್ತದೆ.

ಮನೆಯವರ ಕೈ ಸೇರಿಸುವಾಗ ಒಬ್ಬೊಬ್ಬರಿಗೆ ಒಂದೊಂದು ಚೌಕ ಕೊಡಿ. ಒಂದೇ ಗೆರೆಯಲ್ಲಿ ಇಬ್ಬರ ಹೊಲಿಗೆ ಬಂದರೆ ಕಣ್ಣಿಗೆ ಚುಚ್ಚುತ್ತದೆ. ಚೌಕಕ್ಕೊಂದು ಕೈ ಎಂದಾದರೆ ಅದೇ ವ್ಯತ್ಯಾಸ ಚೆಂದ ಕಾಣುತ್ತದೆ. ಮಗುವಿನ ಹೊಲಿಗೆ ಇಂಚಿಗೆ ಮೂರೇ ಇದ್ದರೂ ಮೂರೂ ಪದರ ಹಿಡಿದಿದ್ದರೆ ಬಿಚ್ಚಬೇಡಿ. ಬಿಚ್ಚಿ ಮತ್ತೆ ನೀವೇ ಹೊಲಿದರೆ ಆ ಮಗು ಇನ್ನೊಮ್ಮೆ ಸೂಜಿ ಹಿಡಿಯುವುದಿಲ್ಲ. ಸಣ್ಣ ಮಕ್ಕಳಿಗೆ ತುಂಡುಗಳ ಬಣ್ಣ ಜೋಡಿಸುವ, ದಾರ ಅಳೆದು ಕತ್ತರಿಸುವ ಕೆಲಸ. ಕಣ್ಣು ಮಂಜಾದ ಹಿರಿಯರಿಗೆ ಬೆಳಿಗ್ಗೆಯೇ ಹತ್ತು ಸೂಜಿಗೆ ದಾರ ಪೋಣಿಸಿ ಸೂಜಿದಿಂಬಿಗೆ ಚುಚ್ಚಿಟ್ಟರೆ ದಿನವಿಡೀ ಯಾರನ್ನೂ ಕರೆಯಬೇಕಿಲ್ಲ. ಆ ದಿಂಬಿನ ಮೇಲೆ ಸೂಜಿಯ ಲೆಕ್ಕ ಬರೆದಿರಲಿ, ರಾತ್ರಿ ಎಣಿಸದೆ ದೀಪ ಆರಿಸಬಾರದು.

ಮನೆಯಲ್ಲಿ ಯಾರಿಗಾದರೂ ಕೋವಿಡ್ ಸೋಂಕು ತಗುಲಿ ಬೇರೆ ಕೋಣೆಯಲ್ಲಿದ್ದಾಗ ಅರ್ಧ ಹೊಲಿದ ಕೌದಿ ಆ ಕೋಣೆಗೆ ಹೋಗುವುದು ಬೇಡ, ಅದನ್ನು ಬಿಸಿನೀರಿನಲ್ಲಿ ಒಗೆಯಲು ಆಗುವುದಿಲ್ಲ. ಮುಗಿದ ಕೌದಿ ಹೋಗಬಹುದು. ರೋಗಿಯ ಬಟ್ಟೆಯನ್ನು 60 ಡಿಗ್ರಿ ಅಥವಾ ಹೆಚ್ಚು ಬಿಸಿಯ ನೀರಿನಲ್ಲಿ ಸೋಪಿನೊಂದಿಗೆ ಒಗೆಯಬೇಕೆಂಬುದು ಆಗಿನ ಸಲಹೆ. ಇಂಥ ಬಳಕೆಗಾದರೆ ತುಂಡುಗಳನ್ನೂ ಅಸ್ತರನ್ನೂ ಕತ್ತರಿಸುವ ಮೊದಲೇ ಅಷ್ಟೇ ಬಿಸಿಯಲ್ಲಿ ಒಗೆದಿರಬೇಕು. ಹೊಸ ಹತ್ತಿ ಶೀಟು 3ರಿಂದ 5 ಶೇಕಡಾ ಕುಗ್ಗಿ ಕೌದಿಗೆ ಸಣ್ಣ ಸುಕ್ಕು ಬರುತ್ತದೆ, ಅದು ಹಾಳಾದದ್ದಲ್ಲ.

ಕೊನೆಗೆ, ಹೆಚ್ಚಿರುವ ಅಸ್ತರನ್ನೂ ನಡುಪದರವನ್ನೂ ಮೇಲ್ಪದರದ ಸಮಕ್ಕೆ ಕತ್ತರಿಸಿದ ಮೇಲೆ, ಅಂಚುಪಟ್ಟಿ. ಸುತ್ತಳತೆ 216 ಇಂಚು, ಮೂಲೆಗೂ ಜೋಡಣೆಗೂ ಸೇರಿ 230 ಇಂಚು ಪಟ್ಟಿ, ಅಗಲ 2½. ಉದ್ದಕ್ಕೆ ಮಡಚಿ, ಮಡಿಸದ ಅಂಚನ್ನು ಕೌದಿಯ ಅಂಚಿಗಿಟ್ಟು ಕಾಲಿಂಚಿನಲ್ಲಿ ಹೊಲಿಯಿರಿ. ಮೂಲೆಗೆ ಕಾಲಿಂಚು ಇರುವಾಗಲೇ ನಿಲ್ಲಿಸಿ, ಪಟ್ಟಿಯನ್ನು ಮೇಲಕ್ಕೆ ಮಡಚಿ ಮತ್ತೆ ಕೆಳಕ್ಕೆ ತಂದು ಮುಂದಿನ ಬದಿ ಶುರು ಮಾಡಿದರೆ ಮೂಲೆ ಚೂಪಾಗಿ ಕೂರುತ್ತದೆ. ತುದಿಯವರೆಗೆ ಹೊಲಿದುಬಿಟ್ಟರೆ ಪಟ್ಟಿ ತಿರುಗುವುದಿಲ್ಲ, ಮೂಲೆ ಗುಂಡಗಾಗುತ್ತದೆ. ಪಟ್ಟಿಯನ್ನು ಹಿಂದಕ್ಕೆ ತಿರುವಿ ಅಸ್ತರಿಗೆ ಹೆಮ್ಮಿಂಗ್ ಮಾಡಿದ ಮೇಲೆಯೇ ಕಚ್ಚಾ ಹೊಲಿಗೆಯನ್ನು ಕತ್ತರಿಸಿ ತೆಗೆಯಿರಿ.